ಹಂಡೆಯಲ್ಲಿ ಬೆಳೆದ ಹರಳು

ಸ್ವರ್ಣಲತಾ ಕುಂದಾಪುರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಟೀಚರು. 2008ರ ಡಿಸೆಂಬರಿನಲ್ಲಿ ಅವಳೂ ಅವಳ ವಿದ್ಯಾರ್ಥಿನಿ ಪ್ರೇಕ್ಷಾಳೂ ಸೇರಿ ಅಕ್ಕಿ ಮಿಲ್ಲಿನ ಉಮಿಬೂದಿಯಿಂದ ಜಿಯೋಲೈಟ್ ಹರಳು ಬೆಳೆಸಲು ಹೊರಟಿದ್ದರು. ಗಡಸು ನೀರನ್ನು ಮೆದು ಮಾಡುವ ಹರಳು ಅದು. ಬೂದಿಯೊಳಗಿನ ಸಿಲಿಕಾ ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿದರೆ ಕರಗುತ್ತದೆ. ಅದನ್ನು ಸೋಸಿ, ಅಲ್ಯೂಮಿನಿಯಂ ಕರಗಿಸಿದ ನೀರು ಬೆರೆಸಿದರೆ ಅಕ್ಕಿಹಾಲು ಕಾಯಿಸಿ ಮಾಡುವ ಮಣ್ಣಿಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಆಮೇಲೆ ಆರು ಗಂಟೆ ಹದವಾದ ಬಿಸಿಯಲ್ಲಿ ಅಲುಗಾಡಿಸದೆ ಇಟ್ಟರೆ, ಆ ಮಣ್ಣಿ ಒಳಗೊಳಗೇ ಕರಗಿ, ಹುಡಿಯಷ್ಟು ಸಣ್ಣ ಚೌಕ ಹರಳುಗಳಾಗುತ್ತದೆ.

ಮೊದಲ ಸಲ ಕರೆಂಟು ಹೋಗಿ ಬರೀ ಅಂಟು ಉಳಿಯಿತು. ಎರಡನೇ ಸಲ ಕಾಲೇಜಿನ ಓವನ್ನೇ ಸುಟ್ಟುಹೋಯಿತು. ಸೋಮವಾರ ಬ್ರಹ್ಮಾವರದಲ್ಲಿ ವಿಜ್ಞಾನ ಪ್ರದರ್ಶನ. ಶನಿವಾರ ಸ್ವರ್ಣಲತಾ ಮಣ್ಣಿ ತುಂಬಿದ ಬಾಟಲಿ ಹಿಡಿದು ಕೊಕ್ಕರ್ಣೆಯ ತಾಯಿಮನೆಗೆ ಬಂದಳು.

"ಎಂತಾಯ್ತ್ ಮಗಾ? ಮೋರೆ ಸಣ್ಣ ಮಾಡ್ಕಂಡಿದ್ದೆ?" ಎಂದು ತಾಯಿ ರಾಜೀವಿ ಕೇಳಿದರು.

"ಓವನ್ ಹಾಳಾಯ್ತ್ ಅಮ್ಮ. ಆರ್ ಗಂಟಿ ಒಂದೇ ನಮೂನಿ ಬಿಸಿ ಬೇಕ್. ಕುದೂಕೂ ಆಗ, ತಣೂಕೂ ಆಗ."

"ಅಷ್ಟೇಯಾ? ನಲ್ವತ್ ವರ್ಷ ಭತ್ತ ಬೇಯ್ಸಿದವ್ಳ್ ನಾನ್. ಬಚ್ಚಲ್ ಹಂಡಿ ಇತ್ತಲ್ದಾ!"

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಟಲಿ ಹಂಡೆಯ ಬಿಸಿನೀರಿಗೆ ಇಳಿಯಿತು. ರಾಜೀವಿ ಒಲೆಯ ಮುಂದೆ ಮಣೆ ಹಾಕಿ ಕುಳಿತರು. ಒಮ್ಮೆ ತೆಂಗಿನ ಚಿಪ್ಪು ಒಳಗೆ ನೂಕುವರು, ಒಮ್ಮೆ ಕೆಂಡ ಹೊರಗೆಳೆಯುವರು. ಸ್ವರ್ಣಲತಾ ಥರ್ಮಾಮೀಟರ್ ಅದ್ದಿದಾಗಲೆಲ್ಲ ತೊಂಬತ್ತರ ಆಚೀಚೆ ಎರಡು ಡಿಗ್ರಿ, ಅಷ್ಟೇ.

ಅಷ್ಟರಲ್ಲಿ ಹಿಂದಿನ ದಿನವಷ್ಟೇ ಮುಂಬಯಿಯಿಂದ ಬಂದಿದ್ದ ರಾಜೀವಿಯ ತಮ್ಮ ಲೀಲಾಧರ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ತಣ್ಣೀರಿನ ಕೊಡಪಾನ ಸಮೇತ ಬಚ್ಚಲಿಗೆ ನುಗ್ಗಿದ.

"ಹ್ವಾಯ್, ಹಂಡಿ ಮುಟ್ಬೇಡ! ಅದ್ರಗೆ ಹರಳ್ ಬೆಳಿತಾ ಇತ್ತ್!"

"ಹಂಗಾರೆ ನಾ ಮೀಂಬುದ್ ಯಾವಾಗ ಅಕ್ಕಾ?"

"ಮೂರ್ ಗಂಟಿ ಮೇಲೆ."

ಮುಂಬಯಿಯಲ್ಲಿ ಎರಡು ಹೋಟೆಲು ನಡೆಸುವ ಲೀಲಾಧರ, ಎಣ್ಣೆ ತೊಟ್ಟಿಕ್ಕಿಸುತ್ತಾ ಜಗಲಿಯಲ್ಲಿ ಕುಳಿತ. ಕೂತಲ್ಲಿಗೇ ಊಟ ಬಂತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಸಂಗತಿ ಕೇಳಿದರು. ನಾಲ್ಕನೆಯವರಿಗೆ ಹೇಳುವಷ್ಟರಲ್ಲಿ ಅವನಿಗೇ ಜಿಯೋಲೈಟ್ ಪಾಠ ಬಾಯಿಗೆ ಬಂದಿತ್ತು.

ಮೂರು ಗಂಟೆಗೆ ಬಾಟಲಿ ಎತ್ತಿದರು. ಮಣ್ಣಿ ಮಾಯವಾಗಿತ್ತು. ಮೇಲೆ ತಿಳಿನೀರು, ತಳದಲ್ಲಿ ಬಿಳಿ ಹುಡಿ.

ಸೋಮವಾರ ಬೆಳಿಗ್ಗೆ ತೊಳೆದು ಒಣಗಿಸಿದ ಆ ಹುಡಿಯನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಮೊದಲು ನೋಡಿದವಳು ಪ್ರೇಕ್ಷಾ. "ಮೇಡಂ, ಪೂರಾ ಚೌಕ ಚೌಕ!" ಎಂದು ಕೂಗಿದಳು. ಸ್ವರ್ಣಲತಾ ನೋಡಿ, ಪ್ರದರ್ಶನಕ್ಕೆಂದು ಜೊತೆಗೆ ಬಂದಿದ್ದ ಅಮ್ಮನನ್ನು ಎಳೆದು ಕುಳ್ಳಿರಿಸಿದಳು. ರಾಜೀವಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಯಾರೋ ಕೂಕಂಡ್ ಕೊಯ್ದ್ ಇಟ್ಟಂಗ್ ಇತ್ತಲೇ," ಎಂದರು.

ಪ್ರದರ್ಶನದಲ್ಲಿ ತೀರ್ಪುಗಾರರು ಕೇಳಿದರು, "ಆರು ಗಂಟೆ ಇಷ್ಟು ಸಮನಾದ ಉಷ್ಣತೆ ಹೇಗೆ ಕಾಯ್ದುಕೊಂಡಿರಿ?" ಪ್ರೇಕ್ಷಾ ಪಕ್ಕದಲ್ಲಿದ್ದ ರಾಜೀವಿಯತ್ತ ಕೈ ತೋರಿಸಿದಳು. ರಾಜೀವಿ ಸೆರಗು ಸರಿಮಾಡಿಕೊಂಡು, ಯಾವ ಸೌದೆಗೆ ಎಷ್ಟು ಉರಿ ಎಂಬಲ್ಲಿಂದ ಶುರುಮಾಡಿದರು. ತೀರ್ಪುಗಾರರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.