ಲಾಜಾರೋಗೆ ಈಜು ಬರುತ್ತಿರಲಿಲ್ಲ

೧
ಎಲ್ಲಿಂದ ಶುರುಮಾಡಲಿ? ಐದನೇ ತರಗತಿಯ ಪುಸ್ತಕಕ್ಕೆ ದೇಶದ ಅಧ್ಯಕ್ಷರ ಜೀವನಚರಿತ್ರೆ ಬೇಕು, ಎರಡು ಪುಟ ಮೀರಬಾರದು ಎಂದಿದ್ದಾರೆ ಇಲಾಖೆಯವರು. ಹುಟ್ಟಿನಿಂದ? ಲಾಜಾರೋ ಚಿಪಾಲಾ ನಮ್ಮ ಸರೋವರದ ದಡದಲ್ಲೇ ಹುಟ್ಟಿದರು, ಎಲ್ಲರ ಹಾಗೆ ಅಳುತ್ತಾ. (ಹೊಡೆದುಹಾಕಿದೆ. ಅಧ್ಯಕ್ಷರು ಅಳುವುದಿಲ್ಲ.) ಅಧಿಕಾರದಿಂದ? ಮೂವತ್ನಾಲ್ಕು ವರ್ಷವಾಯಿತು. ನಾನು ಮೇಷ್ಟ್ರಾಗಿ ಸೇರಿದಾಗಲೂ ಅವರೇ, ನಿವೃತ್ತಿ ಹತ್ತಿರ ಬಂದ ಈಗಲೂ ಅವರೇ.

ಕೊನೆಗೆ ಎಲ್ಲರಿಗೂ ಬಾಯಿಪಾಠವಾಗಿರುವ ಸಾಲನ್ನೇ ಬರೆದೆ: 'ಬಿಳಿಯರ ಪೊಲೀಸರು ಬೆನ್ನಟ್ಟಿದಾಗ ಯುವಕ ಲಾಜಾರೋ ಸರೋವರಕ್ಕೆ ಹಾರಿ, ಒಬ್ಬನೇ ಈಜಿ ದ್ವೀಪ ಸೇರಿದ.'

೨
ಶಾಲೆಯ ಹಿಂದೆ ಮೀನು ಒಣಗಿಸುವ ನಾಸಿಬೇಕೊಗೆ ಅದನ್ನು ಓದಿ ಹೇಳಿದ್ದು ನನ್ನದೇ ತಪ್ಪು. ಎಪ್ಪತ್ತೆಂಟರ ಮುದುಕಿ. ಭಾಷೆ ಸುಲಭವಾಗಿದೆಯೇ ನೋಡೋಣ ಎಂದುಕೊಂಡಿದ್ದೆ.

"ಈಜಿದ್ನಂತಾ? ಅವ್ನಾ? ಮೊಣಕಾಲುದ್ದ ನೀರಲ್ಲೂ ನನ್ನ ಕೈ ಬಿಡ್ತಿರ್ಲಿಲ್ಲ!"

"ಮತ್ತೆ ದ್ವೀಪಕ್ಕೆ ಹೋಗಿದ್ದು ಹೇಗಜ್ಜಿ?"

"ನನ್ನ ದೋಣೀಲಿ. ಮೀನಿನ ಬುಟ್ಟಿಗಳ ಕೆಳಗೆ ಮಲಗಿಸಿ, ಮೇಲೆ ಒದ್ದೆ ಚಾಪೆ ಹಾಕಿದ್ದೆ. ಮೂರು ಗಂಟೆ ಹುಟ್ಟು ಹಾಕಿದೀನಿ ಕಣಪ್ಪಾ. ವಾಪಸ್ ಬಂದಾಗ ಪೊಲೀಸ್ರು ಹಿಡಿದು ಇವನ್ನ ಮುರಿದ್ರು." ಸೊಟ್ಟಗಾದ ಎರಡು ಬೆರಳು ತೋರಿಸಿದಳು. "ನನ್ನ ಹೆಸರು ಬರಿ."

"ಬರೆದ್ರೆ ನನ್ನ ಕೆಲಸ ಹೋಗುತ್ತೆ."

"ನನ್ನ ಗಂಡನ ಜೀವ ಹೋಯ್ತು. ಹೆಂಡದಂಗಡೀಲಿ ಕೂತು 'ಅಧ್ಯಕ್ಷರಿಗೆ ಈಜು ಬರಲ್ಲ' ಅಂದ. ಅಂದಿದ್ದು ಅಷ್ಟೇ. ಜೈಲಿಂದ ಬರೀ ಅಂಗಿ ವಾಪಸ್ ಬಂತು."

(ಓದುಗರೇ, ನಾನು ಧೈರ್ಯಸ್ಥನಲ್ಲ. ಇವಳನ್ನು ಬಿಟ್ಟುಬಿಟ್ಟರೆ ಪಾಠ ಎಷ್ಟು ಸಲೀಸಾಗಿ ಸಾಗುತ್ತಿತ್ತು!)

೩
ಎರಡನೇ ಡ್ರಾಫ್ಟು: 'ಒಬ್ಬ ಮೀನುಗಾರ ಹೆಂಗಸು ನೆರವಾದಳು.'

"ಒಬ್ಬ ಹೆಂಗಸು ಅಂದ್ರೆ ಯಾರು? ನನ್ನಮ್ಮ ನಂಗೆ ಹೆಸರಿಟ್ಟಿಲ್ವಾ?"

ಹರಿದುಹಾಕಿದೆ.

೪
ಅಷ್ಟರಲ್ಲಿ ಅಧ್ಯಕ್ಷರು ಈಜಿದ ದಿನದ ಉತ್ಸವ ಬಂತು. ವರ್ಷವರ್ಷವೂ ಶಾಲೆಯ ಮಕ್ಕಳು ಅವರ ಮುಂದೆ ಸರೋವರಕ್ಕಿಳಿದು ಈಜಬೇಕು. ಶಾಮಿಯಾನದ ಕೆಳಗೆ, ಮೈಕಿನ ಮುಂದೆ ಕೂತಿದ್ದರು ಅಧ್ಯಕ್ಷರು, ಈಗ ಎಂಬತ್ತೊಂದು. ಅಂದು ಗಾಳಿ ಜೋರಿತ್ತು. ನನ್ನ ತರಗತಿಯ ಮಕ್ಕಳು ಸಾಲಾಗಿ ನಿಂತು ನಡುಗುತ್ತಿದ್ದರು. ನಾನು ಸಾಲು ನೆಟ್ಟಗೆ ಮಾಡುತ್ತಿದ್ದೆ.

ಜನರ ನಡುವಿಂದ ನಾಸಿಬೇಕೊ ನುಗ್ಗಿ ಬಂದಳು.

"ಏ ಲಾಜಾರೋ! ಮಕ್ಕಳನ್ಯಾಕೆ ಇಳಿಸ್ತೀಯಾ? ನೀನೇ ಇಳಿಯೋ!"

ಬ್ಯಾಂಡು ನಿಂತಿತು. ಕಾವಲಿನವರು ಅವಳ ರಟ್ಟೆ ಹಿಡಿದರು.

(ಇಲ್ಲಿ ಅಧ್ಯಕ್ಷರು ಅತ್ತು ಅವಳನ್ನು ಅಪ್ಪಿಕೊಂಡರು ಎಂದು ಬರೆಯಬಹುದು. ಗುಂಡು ಹಾರಿತು ಎಂದೂ ಬರೆಯಬಹುದು. ಎರಡೂ ಸಿನಿಮಾಕ್ಕೆ ಚೆನ್ನ. ಎರಡೂ ಆಗಲಿಲ್ಲ.)

ಅಧ್ಯಕ್ಷರು ಮುಂದೆ ಬಾಗಿ ಅವಳ ಮುಖ ನೋಡಿದರು. ಮೆಲ್ಲಗೆ ಕೇಳಿದರು: "ನಾಸಿಬೇಕೊ... ಇನ್ನೂ ಬದುಕಿದ್ದೀಯಾ?"

ಮೈಕು ಆರಿಸುವುದನ್ನು ಯಾರೋ ಮರೆತಿದ್ದರು. ಇಡೀ ದಡಕ್ಕೆ ಕೇಳಿಸಿತು.

"ನಿನಗಿಂತ ಒಂದು ದಿನ ಜಾಸ್ತೀನೇ ಬದುಕ್ತೀನಿ, ನೋಡ್ತಿರು."

ಅಧ್ಯಕ್ಷರು ಎದ್ದು ಕಾರು ಹತ್ತಿದರು. ಮಕ್ಕಳು ನೀರಿಗಿಳಿಯಲಿಲ್ಲ. ಅವಳನ್ನು ಠಾಣೆಗೆ ಒಯ್ದರು. ಅಧ್ಯಕ್ಷರೇ ಹೆಸರು ಹಿಡಿದು ಮಾತಾಡಿಸಿದವಳನ್ನು ಏನು ಮಾಡಬೇಕೆಂದು ತಿಳಿಯದೆ ಮೂರನೇ ದಿನ ಬಿಟ್ಟರು.

೫
ಶಿಕ್ಷಣಾಧಿಕಾರಿ ಕಲಿಂಡೆ ಶಾಲೆಗೇ ಬಂದರು. "ಮೇಷ್ಟ್ರೇ, 'ಆ ಮುದುಕಿ ಅಧ್ಯಕ್ಷರನ್ನು ಹರಸಿದಳು' ಅಂತ ಒಂದು ಸಾಲು ಸೇರಿಸಿ ಮುಗಿಸಿಬಿಡಿ. ಎಲ್ರಿಗೂ ಒಳ್ಳೇದು."

ನಡುಗುತ್ತಿದ್ದ ಆ ಮಕ್ಕಳ ಸಾಲು ಕಣ್ಣ ಮುಂದೆ ಬಂತು. ಕಲಿಂಡೆಯವರ ಎದುರೇ ಕೂತು ಬರೆದೆ: 'ದೋಣಿ ನಡೆಸಿದ್ದು ನಾಸಿಬೇಕೊ. ಲಾಜಾರೋ ಬುಟ್ಟಿಗಳ ಕೆಳಗೆ ಮಲಗಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ.'

"ತಲೆ ಕೆಟ್ಟಿದೆಯೇನ್ರೀ?"

"ಈಗ ಸರಿಯಾಗಿದೆ, ಸಾರ್."

ವಾರದೊಳಗೆ ಕೆಲಸ ಹೋಯಿತು. ಪುಸ್ತಕ ಬಂತು, ಅದರಲ್ಲಿ ಲಾಜಾರೋ ಈಜಿದ್ದಾನೆ, ಬೇರೆ ಯಾರದೋ ಶೈಲಿಯಲ್ಲಿ, ನನ್ನ ಮೊದಲ ಡ್ರಾಫ್ಟಿಗಿಂತ ವೇಗವಾಗಿ.

ನಾನೀಗ ನನ್ನ ಪಾಠವನ್ನು ಕೈಯಲ್ಲೇ ನಕಲು ಮಾಡುತ್ತೇನೆ. ನಾಸಿಬೇಕೊ ಆ ಹಾಳೆಗಳಲ್ಲಿ ಉಸಿಪಾ ಎಂಬ ಸಣ್ಣ ಒಣಮೀನು ಕಟ್ಟಿ ಮಾರುತ್ತಾಳೆ. ಕೊಂಡವರು ಪೊಟ್ಟಣ ಬಿಚ್ಚಿ, ಅಲ್ಲೇ ನಿಂತು ಓದುತ್ತಾರೆ.

ನಿನ್ನೆ ಒಂದು ಹಾಳೆ ಎತ್ತಿ ಹಿಡಿದು ಕೇಳಿದಳು: "ಕೆಳಗೆ ಇದೇನು ಬರೆದಿದ್ದೀಯಾ?"

"'ಮುಗಿಯಿತು' ಅಂತ. ಪಾಠ ಅಂದ್ಮೇಲೆ ಮುಗೀಬೇಕಲ್ಲ ಅಜ್ಜಿ?"

"ಅವನು ಕುರ್ಚಿ ಬಿಟ್ಟಿಲ್ಲ. ನಾನು ಬಾಯಿ ಮುಚ್ಚಿಲ್ಲ. ಏನಪ್ಪಾ ಮುಗಿದಿದ್ದು? ಅಳಿಸು."

ಅಳಿಸುತ್ತಿದ್ದೇನೆ. ಇನ್ನೂ ನಲವತ್ತು ಹಾಳೆಗಳಿವೆ