ಬೆಂಡಿನ ಕುಣಿತ

"ಕಚ್ತು ಕಣೋ, ಎಳಿ," ಎಂದ ಭಾವ.

"ಇಲ್ಲ ಭಾವ. ಅದು ನನ್ನ ಕೈ."

ನೀರಿನ ಮೇಲೆ ಬೆಂಡು ಕುಣಿಯುತ್ತಲೇ ಇತ್ತು. ಗಾಳದ ಕೋಲು ರೇಡಿಯೋನ ಕೈಗೆ ಬಂತೆಂದರೆ ಅದಕ್ಕೆ ಒಂದು ಗಳಿಗೆ ಬಿಡುವಿರಲಿಲ್ಲ. ಅವನ ಕೈಯ ನಡುಕ ಕೋಲಿನ ತುದಿಗೆ ಹೋಗಿ, ದಾರಕ್ಕಿಳಿದು, ಬೆಂಡನ್ನು ಅಲ್ಲಾಡಿಸುತ್ತಿತ್ತು. ಮೀನು ಕಚ್ಚಿತೋ ಕೈ ನಡುಗಿತೋ, ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ರೇಡಿಯೋ ಎನ್ನುವುದು ಗಿರಾಕಿಗಳು ಇಟ್ಟ ಹೆಸರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಕಟಿಂಗ್ ಶಾಪ್. ಕುರ್ಚಿಗೆ ಯಾರಾದರೂ ಬೆನ್ನು ಕೊಟ್ಟರೆ ಸಾಕು, ಇವನ ಬಾಯಿ ಶುರು. ಕೂದಲು ಬೆಳೆಯದಿದ್ದರೂ ಮಾತು ಕೇಳಲೆಂದೇ ಬಂದು ಕೂರುವವರಿದ್ದರು. ಎಷ್ಟು ಮಾತಾಡಿದರೂ ಕೈ ತಪ್ಪಿದವನಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ತಪ್ಪಿಬಿಟ್ಟಿತು. ಒಬ್ಬ ಹಳೆಯ ಮೇಷ್ಟರಿಗೆ ಶೇವ್ ಮಾಡುತ್ತಾ, ಮದುವೆಗೆ ಹೊರಟು ತಪ್ಪು ಬಸ್ಸು ಹತ್ತಿದ ಮದುಮಗನೊಬ್ಬನ ಕಥೆ ಹೇಳುತ್ತಿದ್ದ. ಕತ್ತಿ ಕಿವಿಯ ಕೆಳಗೆ ಜಾರಿತು. ಬಿಳಿ ನೊರೆ ಕೆಂಪಾಯಿತು. ಹೊಲಿಗೆ ಹಾಕಿಸಬೇಕಾಯಿತು.

ಮೇಷ್ಟರು ದೊಡ್ಡ ಮನುಷ್ಯರು, "ಹೋಗ್ಲಿ ಬಿಡಯ್ಯ" ಎಂದು ಹೊಟ್ಟೆಗೆ ಹಾಕಿಕೊಂಡರು. ಇವನಿಗೆ ಬಿಡಲಾಗಲಿಲ್ಲ. ಮೊದಲು ಕತ್ತಿ ಹಿಡಿದರೆ ನಡುಕ, ಆಮೇಲೆ ಟೀ ಲೋಟ ಹಿಡಿದರೂ ನಡುಕ. ಬಾಯಿಗಂತೂ ಬೀಗವೇ ಬಿತ್ತು. ಅಂಗಡಿಯ ಷಟರ್ ಇಳಿಯಿತು. ಡಾಕ್ಟರು ಎಲ್ಲ ನೋಡಿ, ನರಗಳೇನೋ ಸರಿಯಾಗಿವೆ, ಮನಸ್ಸು ಹೆದರಿದೆ, ಎಲ್ಲಾದರೂ ತಣ್ಣಗೆ ಕೂತು ಬನ್ನಿ ಎಂದರು.

ತಣ್ಣಗೆ ಕೂರುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ. ಅಕ್ಕನ ಗಂಡ, ಲಾರಿ ಡ್ರೈವರ್, ರಜೆ ಸಿಕ್ಕಿತೆಂದರೆ ಗಾಳ ಹಿಡಿದು ಕೆರೆಯ ದಂಡೆ ಸೇರುವ ಆಸಾಮಿ. ಈಗ ಭಾನುವಾರ ಬಂತೆಂದರೆ ಸ್ಕೂಟರಿನ ಹಿಂದೆ ಭಾಮೈದನೂ ಇರುತ್ತಿದ್ದ. ಭಾವ ಇನ್ನೊಂದು ಪಟ್ಟನ್ನೂ ಹಿಡಿದಿದ್ದ, ಬೇರೆ ಯಾರ ಕೈಗೂ ಗಡ್ಡ ಕೊಡುವುದಿಲ್ಲ ಎಂದು. ಆ ಗಡ್ಡವೀಗ ಅಂಗಿಯ ಮೊದಲ ಗುಂಡಿ ಮುಟ್ಟಿತ್ತು.

"ನನ್ನ ಗಂಡ ಎಲ್ಲಿ ಅಂತ ಇವರನ್ನೇ ಕೇಳೋ ಹಾಗಾಗಿದೆ," ಎಂದು ಅಕ್ಕ ಗೊಣಗುತ್ತಿದ್ದಳು. "ಮುಂದಿನ ಬೀದೀಲೂ ಅಂಗಡಿ ಇದೆಯಲ್ಲ."

"ಅಲ್ಲಿ ರೇಡಿಯೋ ಇಲ್ಲ ಕಣೇ."

ಇವತ್ತು ಆ ರೇಡಿಯೋ ದಾರಿಯುದ್ದಕ್ಕೂ ತುಟಿ ಬಿಚ್ಚಿರಲಿಲ್ಲ. ದಂಡೆಯ ಕಲ್ಲಿನ ಮೇಲೆ ಕೂತು ಬಹಳ ಹೊತ್ತಾದ ಮೇಲೆ ಹೇಳಿದ: "ನಾಳೆ ಅಂಗಡಿ ಬೀಗದ ಕೈ ಮಾಲೀಕ್ರಿಗೆ ವಾಪಸ್ ಕೊಟ್ಬಿಡ್ತೀನಿ ಭಾವ. ಇನ್ನು ನನ್ನ ಕೈಲಾಗಲ್ಲ."

ಭಾವನ ಮುಖ ಏನಾಯಿತೋ, ಕಾಣುವುದಕ್ಕೆ ಗಡ್ಡ ಬಿಡಲಿಲ್ಲ. ಕೊಕ್ಕೆಗೆ ಹೊಸ ಎರೆಹುಳು ಚುಚ್ಚಿ ನೀರಿಗೆಸೆದು, "ಕೊಡೋವಂತೆ. ಮೊದ್ಲು ಇದನ್ನ ಹಿಡ್ಕೋ," ಎಂದು ಕೋಲು ಕೊಟ್ಟ. ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು ಮರಕ್ಕೊರಗಿದ.

ಬಿಸಿಲು ಹಿತವಾಗಿತ್ತು. ಎದುರು ದಂಡೆಯಲ್ಲಿ ಯಾರೋ ಚಾಪೆ ತೊಳೆಯುತ್ತಿದ್ದರು. ರೇಡಿಯೋಗೆ ನೋಡುವುದಕ್ಕೆ ಹತ್ತಿರದಲ್ಲಿದ್ದದ್ದು ಭಾವನ ಗಡ್ಡ. ಥೂ, ಕಾಡು ಹಂದಿಯೂ ಇದಕ್ಕಿಂತ ನೀಟಾಗಿರುತ್ತದೆ ಅಂದುಕೊಂಡ. ಎಡಗಡೆ ದಟ್ಟ, ಬಲಗಡೆ ತೆಳು. ದವಡೆಯ ಕೆಳಗೆ ಒಂದು ಸುಳಿಯಿದೆ, ಅಲ್ಲಿ ಕತ್ತಿ ಮೇಲಿನಿಂದ ಬರಬಾರದು, ಪಕ್ಕದಿಂದ ಬರಬೇಕು. ಮೊದಲು ಕತ್ತರಿ, ಆಮೇಲೆ ಬಿಸಿನೀರು, ಆಮೇಲೆ ನೊರೆ. ಹೀಗೆ ಮನಸ್ಸಿನಲ್ಲೇ ಅರ್ಧ ಮುಖ ಮುಗಿಸಿದ್ದ. ಆಗ ಬೆಂಡು ಒಮ್ಮೆ ಮುಳುಗಿ ಎದ್ದಿತು. ಮತ್ತೆ ಮುಳುಗಿತು. ನನ್ನ ಕೈ, ಎಂದುಕೊಂಡು ಸುಮ್ಮನಿದ್ದ.

ಗಾಳ ಎಳೆದು ನೋಡಿದಾಗ ಕೊಕ್ಕೆ ಬೋಳು.

"ಭಾವ, ಹುಳ ಇಲ್ಲ."

"ಮೀನು ತಿಂದ್ಕೊಂಡು ಹೋಯ್ತು. ಎಳೀಬೇಕಿತ್ತು ನೀನು." ಭಾವ ಟೋಪಿ ಸರಿಸಿದ. ಅವನ ಕಣ್ಣಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ.

"ನನ್ನ ಕೈ ಅಂದ್ಕೊಂಡೆ."

"ಮೀನು ಕಚ್ಚೋವರೆಗೂ ಬೆಂಡು ಅಲ್ಲಾಡಿರ್ಲಿಲ್ಲ ಕಣೋ, ಮೊಳೆ ಹೊಡೆದ ಹಾಗೆ ನಿಂತಿತ್ತು. ನಾನು ಕೆಮ್ಮಿದ್ರೆ ಎಲ್ಲಿ ಕೆಡುತ್ತೋ ಅಂತ ಉಸಿರು ಬಿಗಿಹಿಡ್ಕೊಂಡು ಕೂತಿದ್ದೆ."

ರೇಡಿಯೋ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ನೋಡುತ್ತಿದ್ದಂತೆ ಅದು ಮತ್ತೆ ಸಣ್ಣಗೆ ನಡುಗಿತು. ಆದರೂ ಅವನಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು.

ಸ್ಕೂಟರ್ ಮನೆಯ ಕಡೆಗೆ ತಿರುಗಲಿಲ್ಲ. ಅಂಗಡಿಯ ಷಟರ್ ಎತ್ತಿದಾಗ ಕನ್ನಡಿಯ ತುಂಬ ಧೂಳು. ಭಾವ ತಾನೇ ಕುರ್ಚಿ ಒರೆಸಿಕೊಂಡು ಕೂತ. ಕತ್ತರಿಯ ಕೆಲಸ ಮುಗಿಯಿತು, ಬಿಸಿನೀರು ಮುಗಿಯಿತು, ಕೆನ್ನೆಯ ತುಂಬ ನೊರೆ ಎದ್ದಿತು. ಕತ್ತಿ ತೆಗೆದುಕೊಂಡಾಗ ರೇಡಿಯೋನ ಕೈ ಗಾಳಿಯಲ್ಲೇ ನಿಂತಿತು.

ಭಾವ ಕಣ್ಣು ಮುಚ್ಚಿ ಗದ್ದ ಎತ್ತಿದ. "ಏನಾದ್ರೂ ಹೇಳೋ ಮಾರಾಯ. ಸುಮ್ನೆ ಕೂತು ಶೇವ್ ಮಾಡಿಸ್ಕೊಂಡು ನಂಗೆ ಅಭ್ಯಾಸ ಇಲ್ಲ."

ರೇಡಿಯೋ ಎಡಗೈಯಿಂದ ಕೆನ್ನೆಯ ಚರ್ಮ ಎಳೆದು ಹಿಡಿದ. ಆಮೇಲೆ ಕಿವಿಯ ಕೆಳಗೆ ಉಕ್ಕು ತಣ್ಣಗೆ ತಾಗಿತು.

"ಅವತ್ತು ಕಥೆ ಮದುಮಗ ಬಸ್ಸಿಂದ ಇಳಿಯೋದ್ರಲ್ಲೇ ನಿಂತಿತ್ತು ಭಾವ," ಎಂದ ರೇಡಿಯೋ. "ಇಳಿದು ನೋಡ್ತಾನೆ, ಊರೇ ಬೇರೆ..."

ಕತ್ತಿಗೆ ಹತ್ತಿದ ನೊರೆಯನ್ನು ಕಾಗದದ ಚೂರಿಗೆ ಒರೆಸಿದ. ನೊರೆ ಬೆಳ್ಳಗೇ ಇತ್ತು.