ಕದಡಿದ ಬಾಟ್ಲಿಗೆ ಯಾರ ಕೈ ಹೊಣಿ?

ಯವ್ವಗೋಳ್ರ, ನಾ ಸೂಗಮ್ಮ. ಊರು ರಾಯಚೂರು ಕಡಿ, ಈಗ ಇರೋದು ಕೂಕಟ್‌ಪಲ್ಲಿ. ನನ್ನ ಬಾಯಿ ಭಾಳ ಜೋರು, ಅದು ನಿಮಗೆಲ್ಲಾ ಗೊತ್ತೈತಿ. ಆ ಬಾಯಿಂದ ನಾ ಮಾಡಿದ ತಪ್ಪು ಇವತ್ತ ಹೇಳತೀನಿ, ಕೇಳ್ರಿ.

ನೆಟ್ಟ ಗಿಡ ಒಣಗಿದ್ರ ನಾವು ಏನಂತೀವಿ? "ಆಕಿ ಕೈಗುಣ ಚಲೋ ಇಲ್ಲ" ಅಂತೀವಿ. ನಾನೂ ಅದನ್ನ ಅಂದೆ, ನನ್ನ ಸೊಸಿ ಗುಣವತಿಗೆ.

ಗುಣವತಿ ಸನತ್‌ನಗರದಾಗ ಒಂದು ಟಿಶ್ಯೂ ಕಲ್ಚರ್ ಲ್ಯಾಬಿಗೆ ಕೆಲಸಕ್ಕ ಹೋಗತಾಳ. ಬಾಳಿಗಿಡದ ಬುಡದಾಗಿನ ಎಳೀ ಮೊಳಕಿ ಕೊಯ್ದು, ಸಕ್ರಿ ಸತ್ವ ಹಾಕಿದ ಬಾಟ್ಲಿಯೊಳಗ ಇಡತಾರ. ಅದು ಚಿಗತ ಮ್ಯಾಲ ಮತ್ತ ಕೊಯ್ಯೋದು, ಮತ್ತ ಬ್ಯಾರೆ ಬಾಟ್ಲಿಗೆ ಇಡೋದು. ಹಿಂಗ ಒಂದು ತಾಯಿಗಿಡದಿಂದ ನೂರಾರು ಸಸಿ ಮಾಡತಾರ.

ದಸರಾ ಮುಗದ ಮ್ಯಾಲ ಆಕಿ ಬಾಟ್ಲಿಗೋಳು ಕದಡಾಕ ಹತ್ತಿದ್ವು. ಸಸಿ ಬುಡದಾಗ ಹಾಲು ಚೆಲ್ಲಿದಂಗ ಬಿಳೀ ಪೊರೆ. ಸೂಪರ್‌ವೈಜರ್ ಅರವಿಂದ್ ಸಾರ್ ಸಿಟ್ಟಾದ್ರು. "ನೀ ಕೈ ನೆಟ್ಟಗ ತೊಳ್ಕೊಳ್ಳಂಗಿಲ್ಲ. ಹದಿನೈದು ದಿನದಾಗ ಸರಿ ಆಗಲಿಲ್ಲಂದ್ರ ಕೆಲಸಕ್ಕ ಬರಬ್ಯಾಡ" ಅಂದ್ರಂತ.

ಅವತ್ತಿನಿಂದ ಆಕಿ ಕುಂತಲ್ಲಿ ಕುಂದ್ರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಏಳತಾಳ, ಕೈ ತೊಳೀತಾಳ, ಮೂಸಿ ನೋಡತಾಳ, ಮತ್ತ ತೊಳೀತಾಳ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತಿಕ್ಕಿ ಬೆರಳಸಂದಿ ಒಡದು ರಕ್ತ ಬಂತು. ಹೆದರಿ ನಾಕು ಕದಡಿದ ಬಾಟ್ಲಿ ಬ್ಯಾರೆ ಲ್ಯಾಬಿನ ಕಪಾಟಿನ ಹಿಂದ ಮುಚ್ಚಿಟ್ಟಿದ್ಳು. ನಾ ಏನು ಮಾಡಿದೆ? "ನೀ ಮುಟ್ಟಿದ್ದೆಲ್ಲಾ ಕೊಳೀತೈತಿ, ತುಳಸಿಗೂ ನೀರು ಹಾಕಬ್ಯಾಡ" ಅಂದೆ! ಆಕಿ ತಂಬಿಗಿ ಅಲ್ಲೇ ಇಟ್ಟು ಮತ್ತ ಕೈ ತೊಳ್ಯಾಕ ಹೋದ್ಳು.

ಮರುದಿನ ಮ್ಯಾಲಿನ ಮನಿ ಅನುರಾಧಾ ಹೆಪ್ಪು ಕೇಳಾಕ ಬಂದ್ಳು. ತಾರ್ನಾಕ ಕಡಿ ಲ್ಯಾಬಿನ್ಯಾಗ ಗಿಡಗಳ ಪರೀಕ್ಷೆ ಮಾಡಾಕಿ ಆಕಿ. ಗುಣವತಿ ಕೈ ನೋಡಿ ಗಾಬರಿಯಾಗಿ ಎಲ್ಲಾ ಕೇಳಿದ್ಳು.

"ಅಕ್ಕಾ, ಬಾಟ್ಲಿ ಮ್ಯಾಲ ಏನೇನು ಬರೀತೀರಿ?"

"ತಾರೀಖು, ಕೊಯ್ದವರ ಹೆಸರು, ತಾಯಿಗಿಡದ ನಂಬರು."

"ಕದಡಿದ್ದೆಲ್ಲಾ ಯಾವ ತಾಯಿಗಿಡದ್ದು?"

ಗುಣವತಿ ಒಂದೊಂದಾಗಿ ನೆನಪು ಮಾಡ್ಕೊಂಡ್ಳು. "ಏಳನೇ ನಂಬರಿಂದು. ಮೊದಲಿಂದ ನನಗ ಅದೊಂದನ್ನ ಕೊಟ್ಟಾರ. ಆದ್ರ ನಂಬರ್ ಯಾರೂ ನೋಡಲಿಲ್ಲ. ಎಲ್ಲಾರೂ ನನ್ನ ಹೆಸರ ನೋಡಿದ್ರು."

ನಾ ಸುಮ್ಮ ಇರತೀನೇನು? "ಆ ಗಿಡ ಪೈಲ್ವಾನ್ ಇದ್ದಂಗ ಐತಂತ. ಅದರಾಗ ಎಲ್ಲಿ ರೋಗ ಬರತೈತಿ?" ಅಂದೆ.

"ರೋಗ ಅಲ್ಲರೀ ಅಮ್ಮಾರ. ಚಲೋ ಇರೋ ಗಿಡದೊಳಗೂ ಬ್ಯಾಕ್ಟೀರಿಯಾ ಇರತಾವ. ಬೇರಿನ್ಯಾಗ, ಕಾಂಡದಾಗ ತಮ್ಮ ಪಾಡಿಗೆ ತಾವು ಇರತಾವ. ಕೆಲವು ಗಿಡಕ್ಕ ಉಪಕಾರನೂ ಮಾಡತಾವ."

"ಅಯ್ಯ ಶಿವನ! ಹಂಗಾರ ಬಾಳಿಹಣ್ಣು ತಿನ್ನೋದು ಬ್ಯಾಡೇನು?"

ಆಕಿ ನಕ್ಕಳು. "ಆರಾಮ ತಿನ್ರಿ. ನೀವು ಕೊಟ್ಟ ಹೆಪ್ಪಿನ್ಯಾಗೂ ಬ್ಯಾಕ್ಟೀರಿಯಾನ ಇರೋದು. ಆದ್ರ ಬಾಟ್ಲಿಯೊಳಗ ಸಕ್ರಿ ಸಿಗತೈತಿ, ಅಲ್ಲಿ ಮಿತಿ ಮೀರಿ ಬೆಳೀತಾವ. ಮ್ಯಾಲ ಮ್ಯಾಲ ತೊಳದ್ರ ಒಳಗಿದ್ದವು ಹೋಗಂಗಿಲ್ಲ."

"ಆರು ತಿಂಗಳು ಬಾಟ್ಲಿ ತಿಳಿಯಾಗೇ ಇದ್ವಲ್ಲಾ?" ಅಂದ್ಳು ಗುಣವತಿ.

"ಅಲ್ಲೇ ಎಲ್ಲಾರೂ ಮೋಸ ಹೋಗತಾರ. ತಿಂಗಳುಗಟ್ಲೆ ಕಾಣದಂಗ ಇದ್ದು ಒಮ್ಮೆಲೆ ಕಾಣಸ್ತಾವ."

ಅನುರಾಧಾ ತಾನ ಅರವಿಂದ್ ಸಾರ್ ಹತ್ರ ಹೋದ್ಳು. ಗುಣವತಿ ತಾ ಮುಚ್ಚಿಟ್ಟ ಬಾಟ್ಲಿನೂ ತಗದು ಮುಂದಿಟ್ಳು. ಕೈ ಬದಲಿ ಮಾಡೋಣು ಅಂತ ಮಾತಾತು. ಏಳನೇ ಗಿಡ ಆಕಿ ಜೋಡಿ ಕೆಲಸ ಮಾಡೋ ಶಾರದಾಬಾಯಿ ಕೊಯ್ಯಬೇಕು, ಶಾರದಾಬಾಯಿ ಕೊಯ್ಯೋ ಮೂರನೇ ಗಿಡ ಗುಣವತಿ. ಅದ ದಿನ, ಅದ ಟೇಬಲ್. ತಪ್ಪು ಕೈದಾದ್ರ ಮೂರನೇದ್ದು ಕದಡಬೇಕು, ಗಿಡದ್ದಾದ್ರ ಏಳನೇದ್ದು. ಏಳನೇ ತಾಯಿಗಿಡದ ಒಂದು ಚೂರು ಅರದು ಪರೀಕ್ಷೆಗೂ ಇಟ್ರು.

ಹತ್ತು ದಿನ! ದಿನಾ ಸಂಜಿಗೆ ಗೇಟಿಗೆ ಹೋಗಿ ನಿಂದ್ರತಿದ್ದೆ. ಹನ್ನೊಂದನೇ ದಿನ ಗುಣವತಿ ಮೆಟ್ಟಿಲು ಹತ್ತೋ ಮೊದಲ ಅಳಾಕತ್ತಿದ್ಳು. ಕೆಲಸ ಹೋತು ಅಂದ್ಕೊಂಡೆ.

"ಅತ್ತಿ, ಶಾರದಾಬಾಯಿ ಇಟ್ಟಿದ್ದು ಕದಡ್ಯಾವ. ನಾ ಇಟ್ಟಿದ್ದು ಒಂದೂ ಕದಡಿಲ್ಲ. ತಾಯಿಗಿಡದ ಚೂರಿನ್ಯಾಗೂ ಅದ ಬ್ಯಾಕ್ಟೀರಿಯಾ ಸಿಕ್ಕಾವ."

ಅರವಿಂದ್ ಸಾರ್ ಎಲ್ಲಾರ ಮುಂದ ಆಕಿಗೆ "ತಪ್ಪಾತಮ್ಮಾ" ಅಂದ್ರಂತ. ನಾನೂ ಅಂದೆ. ಎಣ್ಣಿ ಹಚ್ಚಾಕ ಕೈ ಹಿಡದೆ. "ಬಿಡ್ರಿ ಅತ್ತಿ, ಉರೀತಾವ" ಅಂತ ಎಳಕೊಂಡ್ಳು.

ಲ್ಯಾಬಿನ್ಯಾಗ ದುಡಿಯೋ ಅಕ್ಕ-ತಂಗೇರ, ಕೈ ತೊಳೀರಿ, ಕತ್ತರಿ ಚಿಮಟ ಕಾಸ್ರಿ, ಅದು ಬೇಕೇ ಬೇಕು. ಆದ್ರ ಬಾಟ್ಲಿ ಕದಡಿದ್ರ ಮುಚ್ಚಿಡಬ್ಯಾಡ್ರಿ, ಅವತ್ತ ಹೇಳ್ರಿ. ಮಾಲಕರ, ತಿಳಿ ಕಂಡದ್ದೆಲ್ಲಾ ಶುದ್ಧ ಅಂತ ನಂಬಬ್ಯಾಡ್ರಿ. ಸಾವಿರ ಸಸಿ ಮಾಡೋ ಮೊದಲ ತಾಯಿಗಿಡದ ಪರೀಕ್ಷೆ ಮಾಡಸ್ರಿ. ಬಾಟ್ಲಿಗೆ ಔಷಧಿ ಸುರದ್ರ ಒಳಗಿನ ಬ್ಯಾಕ್ಟೀರಿಯಾ ಎಷ್ಟೋ ಸಲ ಅಡಗತಾವ, ಸಾಯಂಗಿಲ್ಲ.

ನನ್ನಂಥ ಅತ್ತೆಂದಿರಿಗೂ ಒಂದು ಮಾತು. ಕೆಟ್ಟದ್ದು ಎಲ್ಲಿಂದ ಬಂತು ಅಂತ ಗೊತ್ತಾಗೂತನಕ ಬಾಯಿ ಮುಚ್ಚಿಕೊಂಡಿರ್ರಿ. ನನ್ನ ಸೊಸಿ ಕೈ ಇನ್ನೂ ಪೂರ್ತಿ ಮಾಯ್ದಿಲ್ಲ.